ತಾಯಂದಿರ ಓದು
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಬಹುಮಾನ ಪಡೆದ ಮಕ್ಕಳಿಗೆ ಈಗಷ್ಟೇ ಚಪ್ಪಾಳೆ ತಟ್ಟಿದಿರಿ. ನನ್ನ ಮಾತು ಅವರ ತಾಯಂದಿರ ಬಗ್ಗೆ.

ಹೋದ ವರ್ಷ ಪಾಲಕರ ಸಭೆ ಮುಗಿದ ಮೇಲೆ ಒಬ್ಬ ತಾಯಿ ಹಿಂದೆ ಉಳಿದರು. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಸ್ವಂತ ಮನೆ, ಗಂಡನಿಗೆ ಒಳ್ಳೆಯ ವ್ಯಾಪಾರ. ಮಗಳ ಅರ್ಜಿ ತುಂಬಲು ಕಪಾಟು ತೆಗೆದಾಗ ತಮ್ಮದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಿಕ್ಕಿತಂತೆ. "ಆಪಾ, ನನಗೇನೂ ಕಮ್ಮಿ ಇಲ್ರಿ. ಆದ್ರ ನಾನೂ ಟೀಚರ ಆಗಬೇಕು ಅಂದಿದ್ದೆ, ಅದನ್ನ ಮರತ ಬಿಟ್ಟಿದ್ದೆ" ಎಂದರು. ಬಿ.ಇಡಿ. ಮಾಡಿದ ನನಗೆ ಅಂದು ಉತ್ತರ ಹೊಳೆಯಲಿಲ್ಲ. ಏನೋ ಸಮಾಧಾನ ಹೇಳಿ ಕಳಿಸಿದೆ.

ಆಮೇಲೆ ಸಾರಾ ಅಬೂಬಕ್ಕರ್ ನೆನಪಾದರು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಅಲ್ಲಿ ಶಾಲೆ ಓದಿದ ಮೊದಮೊದಲ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಒಬ್ಬರು. ಮುಂದಿನ ಓದಿಗೆ ಅಂದಿನ ಕಟ್ಟುಪಾಡು ಅಡ್ಡ ಬಂತು. ಮದುವೆಯಾಯಿತು, ನಾಲ್ವರು ಗಂಡುಮಕ್ಕಳಾದರು. ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. 'ಲಂಕೇಶ್ ಪತ್ರಿಕೆ'ಯಲ್ಲಿ ಅವರ ಲೇಖನ ಬಂದದ್ದು 1981ರಲ್ಲಿ, ವಯಸ್ಸು ಆಗ ನಲವತ್ತೈದರ ಹತ್ತಿರ. ತಲಾಖಿಗೆ ಸಿಕ್ಕಿ ನೊಂದ ನಾದಿರಾಳ ಕಥೆ 'ಚಂದ್ರಗಿರಿಯ ತೀರದಲ್ಲಿ' ಅದರ ನಂತರದ್ದು. 2023ರಲ್ಲಿ ತೀರಿಕೊಂಡಾಗ ನಾಡೇ ನೆನೆಯಿತು. ಅವರಿಗೆ ಬಂದ ಪ್ರಶಸ್ತಿಗಳನ್ನು ಎಲ್ಲರೂ ಎಣಿಸುತ್ತಾರೆ; ನನಗೇಕೋ ಆ ಗ್ರಂಥಾಲಯದ ಕಾರ್ಡೇ ದೊಡ್ಡದೆನಿಸುತ್ತದೆ.

ಮನೆ, ಮಕ್ಕಳ ಗತಿಯೇನು ಎಂದು ಹಿರಿಯರು ಕೇಳಬಹುದು. ಸಾರಾ ಅವರೂ ನಾಲ್ಕು ಮಕ್ಕಳನ್ನು ಬೆಳೆಸಿದವರೇ. ಇಂದು ಪಿಯುಸಿಗೆ ಖಾಸಗಿಯಾಗಿ ಕೂರಬಹುದು. ಪದವಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇದೆ. ದಾರಿ ಇಲ್ಲವೆಂದಲ್ಲ. ಬಡವಿಯ ಕೊರತೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಫ್ರಿಜ್ಜು, ಸೋಫಾ ಇದ್ದ ಮನೆಯವಳ ಕೊರತೆ ಯಾರಿಗೆ ಕಾಣಬೇಕು? ಆ ತಾಯಿಗೆ ಮನೆಯಲ್ಲಿ ಯಾರೂ ಓದಬೇಡ ಎಂದಿರಲಿಲ್ಲ. ಓದುತ್ತೀಯಾ ಎಂದು ಕೇಳಿರಲೂ ಇಲ್ಲ.

ಆದ್ದರಿಂದ ಸಂಸ್ಥೆಯವರಲ್ಲಿ ಒಂದು ವಿನಂತಿ. ಶಿಷ್ಯವೇತನದ ಅರ್ಜಿಯಲ್ಲಿ ತಾಯಿಯ ಹೆಸರಿನ ಕೆಳಗೆ "ತಾಯಿ ಮುಂದೆ ಓದಲು ಇಚ್ಛಿಸುವರೇ?" ಎಂಬ ಒಂದು ಸಾಲು ಸೇರಿಸಿ. ಶುಲ್ಕದಲ್ಲಿ ಅರ್ಧವನ್ನಾದರೂ ಕೊಡಿ. ಗಂಡಂದಿರು ಪರೀಕ್ಷೆಯ ದಿನ ಮಧ್ಯಾಹ್ನದ ಅಡುಗೆ ನೋಡಿಕೊಳ್ಳಲಿ. (ನಗಬೇಡಿ, ಇದು ಶುಲ್ಕಕ್ಕಿಂತ ಕಷ್ಟದ ಬೇಡಿಕೆ.)

ಆ ತಾಯಿ ಈ ಸಲ ಪಿಯುಸಿ ಕಟ್ಟುತ್ತಿದ್ದಾರೆ. ಇಂಗ್ಲಿಷ್ ಎಂದರೆ ಹೆದರಿಕೆ. ಭಾನುವಾರ ಜೊಹರ್ ನಮಾಜಿನ ನಂತರ ನನ್ನಲ್ಲಿಗೆ ಬರುತ್ತಾರೆ. ಇನ್ನೂ ನಾಲ್ವರು ಬರುವುದಾದರೆ ಬನ್ನಿ, ನಮ್ಮ ಪಡಸಾಲೆಯಲ್ಲಿ ಜಾಗವಿದೆ.