ಸಾಗರದ ಕಾನೂನು ಮತ್ತು ಕಾಣದ ದಾಳಿಕೋರ

(ಭಾಷಣದ ಬರಹ ರೂಪ)



2020ರ ಮೇ ತಿಂಗಳಲ್ಲಿ ಇರಾನಿನ ಬಂದರ್ ಅಬ್ಬಾಸ್ ಬಳಿಯ ಶಹೀದ್ ರಜಾಯೀ ಬಂದರಿನ ಕಂಪ್ಯೂಟರ್‌ಗಳು ಹಠಾತ್ತನೆ ಸ್ತಬ್ಧಗೊಂಡವು. ಹಡಗು ಮತ್ತು ಲಾರಿಗಳ ಸಂಚಾರ ನಿಯಂತ್ರಣ ಕುಸಿದು, ರಸ್ತೆಯಲ್ಲಿ ಲಾರಿಗಳು ಉದ್ದಕ್ಕೆ ಸಾಲುಗಟ್ಟಿದವು. ಇದು ಇಸ್ರೇಲಿನ ಕೃತ್ಯವೆಂದು ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಅಧಿಕಾರಿಗಳನ್ನು ಉಲ್ಲೇಖಿಸಿ ವರದಿ ಮಾಡಿತು. ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ಇಸ್ರೇಲಿನ ನೀರು ಸರಬರಾಜು ವ್ಯವಸ್ಥೆಯ ಮೇಲೆ ನಡೆದ ದಾಳಿಯ ಆರೋಪ ಇರಾನಿನ ಮೇಲಿತ್ತು. ಒಂದು ಗುಂಡೂ ಹಾರಲಿಲ್ಲ. ಹಾಗಾದರೆ ಇದನ್ನು ಏನೆಂದು ಕರೆಯಬೇಕು?

ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿಯು ಬಲಪ್ರಯೋಗವನ್ನು ನಿಷೇಧಿಸುತ್ತದೆ, ಬಲಪ್ರಯೋಗವೆಂದರೇನೆಂದು ವಿವರಿಸುವುದಿಲ್ಲ. ಹಡಗು ಮುಳುಗಿ ಜನ ಸತ್ತರೆ ಉತ್ತರ ಸುಲಭ. ಬಂದರು ಕೆಲವು ದಿನ ನಿಂತುಹೋದರೆ? ನ್ಯಾಟೋ ಮಾನ್ಯತೆಯ ಕೇಂದ್ರವೊಂದರ ಆಹ್ವಾನದ ಮೇರೆಗೆ ತಜ್ಞರು ರಚಿಸಿದ ಟ್ಯಾಲಿನ್ ಕೈಪಿಡಿ (2013, 2017) ಇದನ್ನು ಚರ್ಚಿಸುತ್ತದಾದರೂ ಅದು ಯಾವ ರಾಷ್ಟ್ರವನ್ನೂ ಬಂಧಿಸುವ ಒಪ್ಪಂದವಲ್ಲ. ಅನ್ಯರ ಕಂಪ್ಯೂಟರ್‌ಗೆ ನುಗ್ಗುವುದು ಸಾರ್ವಭೌಮತ್ವದ ಉಲ್ಲಂಘನೆ ಎಂಬ ಪ್ರತ್ಯೇಕ ನಿಯಮವೇ ಇಲ್ಲವೆಂದು ಬ್ರಿಟನ್ 2018ರಲ್ಲಿ ವಾದಿಸಿತು. ಬಲಿಷ್ಠರಿಗೆ ಇಂಥ ಅಸ್ಪಷ್ಟತೆ ಎಷ್ಟು ಅನುಕೂಲವೆಂದು ಹೇಳಬೇಕಾಗಿಲ್ಲ.

1982ರ ಸಮುದ್ರ ಕಾನೂನು ಒಪ್ಪಂದದ 101ನೇ ವಿಧಿಯ ಪ್ರಕಾರ, ಖಾಸಗಿ ಉದ್ದೇಶಕ್ಕಾಗಿ ಒಂದು ಹಡಗಿನವರು ಇನ್ನೊಂದರ ಮೇಲೆರಗುವುದೇ ಕಡಲ್ಗಳ್ಳತನ. ದಡದ ಕೋಣೆಯೊಂದರಲ್ಲಿ ಕುಳಿತು ಹಡಗಿನ ದಾರಿ ತಪ್ಪಿಸುವವನು ಈ ವ್ಯಾಖ್ಯೆಯೊಳಗೆ ಬರಲಾರ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಹಡಗುಗಳ ಜಿಪಿಎಸ್, ಅವು ದೂರದ ವಿಮಾನ ನಿಲ್ದಾಣದಲ್ಲಿವೆ ಎಂದು ತೋರಿಸಿತ್ತು!

ಅದೇ ತಿಂಗಳು ನಾಟ್‌ಪೆಟ್ಯಾ ಎಂಬ ವೈರಸ್ ಉಕ್ರೇನಿನಿಂದ ಹರಡಿ ಮೇರ್ಸ್ಕ್ ಹಡಗು ಸಂಸ್ಥೆಯನ್ನು ಕೆಡವಿತು. ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲೂ ನಿಂತಿತು. ಯಾರ ಜಗಳಕ್ಕೋ ನಮ್ಮ ಕೂಲಿಕಾರರ, ಲಾರಿ ಚಾಲಕರ ದುಡಿಮೆ ಕೆಟ್ಟಿತು.

ಫಿಕ್‌ಹ್ ಓದಿದವರಿಗೆ 'ಅಮಾನ್' ಎಂಬ ಪದ ಪರಿಚಿತ. ಅಭಯ ಪಡೆದು ಬಂದ ವರ್ತಕ ಶತ್ರುನಾಡಿನವನಾದರೂ ಅವನ ಪ್ರಾಣ, ಸೊತ್ತು ಸುರಕ್ಷಿತ. ಇಮಾಮ್ ಮುಹಮ್ಮದ್ ಶೈಬಾನಿಯವರು(ರ) ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಇಂಥ ವಿಷಯಗಳ ಕುರಿತು ಗ್ರಂಥ ರಚಿಸಿದ್ದರು. ಆದ್ದರಿಂದ ಇಸ್ರೇಲ್ ಬಂದರು ಕೆಡಿಸಿದರೆ ಅಪರಾಧ, ಇರಾನ್ ನೀರು ಕೆಡಿಸಿದರೆ ಶೌರ್ಯ ಎಂಬ ಇಬ್ಬಗೆಯ ನಿಲುವು ನಮಗೆ ಶೋಭಿಸದು.

ನಾಟ್‌ಪೆಟ್ಯಾದ ಹಿಂದೆ ರಶ್ಯಾದ ಸೇನೆಯಿದೆಯೆಂದು 2018ರ ಫೆಬ್ರವರಿಯಲ್ಲಿ ಅಮೆರಿಕ, ಬ್ರಿಟನ್ ಆರೋಪಿಸಿದವು. ರಶ್ಯಾ ನಿರಾಕರಿಸಿತು. ಮುಂಬೈಯ ಆ ಲಾರಿ ಚಾಲಕ ಯಾರ ಮೇಲೆ, ಯಾವ ನ್ಯಾಯಾಲಯದಲ್ಲಿ ದಾವೆ ಹೂಡಬೇಕು?