ಮನೆಯಲ್ಲೇ ಸ್ಪೀಕರ್ ಕಟ್ಟಿದೆವು, ಅಪ್ಪನಿಗೆ ಅರ್ಧ ಮಾತ್ರ ಕೇಳಿಸಿತು

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಹಾಗಿದ್ರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ. ಯಾಕೆ ಅಂತ ಕೊನೇಲಿ ಹೇಳ್ತೀನಿ.

ಇವತ್ತಿನ ವಿಷಯ, ಮನೆಯಲ್ಲೇ ಒಳ್ಳೆ ಸ್ಟೀರಿಯೊ ಸ್ಪೀಕರ್ ಕಟ್ಟೋದು. ನಾನು ಒಂದು ಜೋಡಿ ಕಟ್ಟಿದೆ. ಕಟ್ಟಿದೆವು ಅನ್ನಬೇಕು, ಯಾಕಂದ್ರೆ ಡಬ್ಬಿ ಮಾಡಿದ್ದು ಅಪ್ಪ. ಅವರು ಮೂವತ್ತು ವರ್ಷದಿಂದ ಮರಗೆಲಸ ಮಾಡ್ತಿದ್ದಾರೆ.

ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಎರಡು ವೂಫರ್, ಎರಡು ಟ್ವೀಟರ್ ತಂದೆ. ವೂಫರ್ ಆರೂವರೆ ಇಂಚಿನದು, ತಗ್ಗಿನ ಸದ್ದಿಗೆ. ಟ್ವೀಟರ್ ಒಂದು ಇಂಚಿನದು, ತಾರಕದ ಸದ್ದಿಗೆ. ಕೊಳ್ಳುವಾಗ ನಾನು ಕೇಳಿದ್ದು ಒಂದೇ: "ಡೇಟಾಶೀಟ್ ಇದೆಯಾ?" ಅದಿಲ್ಲದ ವೂಫರ್ ತಗೋಬೇಡಿ. ಡಬ್ಬಿಯ ಅಳತೆ ಸಿಗೋದು ಅದರಿಂದಲೇ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್, ರಿಚರ್ಡ್ ಸ್ಮಾಲ್ ಅಂತ ಇಬ್ಬರು ಎಂಜಿನಿಯರ್‌ಗಳು ಈ ಲೆಕ್ಕವನ್ನು ರೂಪಿಸಿದರು. ಇವತ್ತಿಗೂ ಜಗತ್ತಿನ ಎಲ್ಲ ಕಡೆ ನಡೆಯೋದು ಅದೇ.

ನನ್ನ ವೂಫರ್‌ಗೆ ಲೆಕ್ಕ ಹಾಕಿದಾಗ ಬಂದಿದ್ದು ಸುಮಾರು 9.5 ಲೀಟರ್ ಗಾಳಿಯಿರೋ, ಪೂರ್ತಿ ಮುಚ್ಚಿದ ಡಬ್ಬಿ. 18 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ, ಒಳ ಅಳತೆ 18 ಸೆಂ.ಮೀ. ಅಗಲ, 20 ಆಳ, 30 ಎತ್ತರ. ಗುಣಿಸಿದರೆ 10.8 ಲೀಟರ್. ಒಳಗೆ ಕೂರುವ ವೂಫರ್, ಬಿಡಿಭಾಗಗಳ ಜಾಗ ಕಳೆದರೆ ಸರಿಹೋಗುತ್ತೆ.

"ಗಾಳಿ ಸೋರಬಾರದು ಅಷ್ಟೇ ತಾನೆ?" ಅಂದ್ರು ಅಪ್ಪ. ಫೆವಿಕಾಲ್ ಹಚ್ಚಿ, ಕ್ಲ್ಯಾಂಪ್ ಬಿಗಿದು ಒಂದು ರಾತ್ರಿ ಬಿಟ್ಟರು. ಆಮೇಲೆ ತಗ್ಗಿನ ಸದ್ದು ಹಾಕಿಸಿ, ಸಂದುಗಳ ಹತ್ತಿರ ಊದುಬತ್ತಿ ಹಿಡಿದರು. ಒಂದು ಮೂಲೆಯಲ್ಲಿ ಹೊಗೆ ನಡುಗಿತು. ಸೋರಿಕೆ ಅಲ್ಲೇ ಇತ್ತು.

ಇನ್ನು ಕ್ರಾಸ್‌ಓವರ್. ಯಾವ ಸದ್ದು ವೂಫರ್‌ಗೆ, ಯಾವುದು ಟ್ವೀಟರ್‌ಗೆ ಅಂತ ಹಂಚೋ ಸರ್ಕ್ಯೂಟ್ ಇದು. ಟ್ವೀಟರ್ ದಾರಿಯಲ್ಲಿ ಕೆಪಾಸಿಟರ್, ವೂಫರ್ ದಾರಿಯಲ್ಲಿ ಕಾಯಿಲ್. 8 ಓಮ್ ಟ್ವೀಟರನ್ನು 3000 ಹರ್ಟ್ಸ್ ಹತ್ತಿರ ಕತ್ತರಿಸೋಕೆ ಸುಮಾರು 6.6 ಮೈಕ್ರೋಫ್ಯಾರಡ್ ಬೇಕು. ಅಂಗಡಿಯಲ್ಲಿ 6.8 ಸಿಗುತ್ತೆ. ಇದು ಆರಂಭದ ಲೆಕ್ಕ ಮಾತ್ರ. ಮೈಕ್ ಇಟ್ಟು ಅಳೆದು ತಿದ್ದಬೇಕು. ಕೆಪಾಸಿಟರ್ ಬಿಟ್ಟು ನೇರವಾಗಿ ಕೊಟ್ಟರೆ ಟ್ವೀಟರ್ ಸುಟ್ಟುಹೋಗಬಹುದು.

ಮೊದಲ ಹಾಡು ಹಾಕಿದೆ. ಬೇಸ್ ನಾಪತ್ತೆ! ಹಾಡುವವರ ದನಿ ಮಧ್ಯದಲ್ಲಿ ನಿಲ್ಲದೆ ಎಲ್ಲೋ ತೇಲ್ತಿತ್ತು. ದುಡ್ಡು ದಂಡ ಆಯ್ತು ಅಂದ್ಕೊಂಡೆ. ಅಪ್ಪ ಸ್ವಲ್ಪ ಹೊತ್ತು ಕೇಳಿ, "ಪುಟ್ಟಿ, ಇವೆರಡೂ ಜಗಳ ಆಡ್ತಿವೆ ಕಣೇ" ಅಂದ್ರು. ನಿಜ. ಒಂದು ವೂಫರ್‌ನ ಪ್ಲಸ್, ಮೈನಸ್ ಅದಲು ಬದಲಾಗಿತ್ತು. ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗ್ತಿತ್ತು. ನೀವು ಡಬ್ಬಿಗೆ ಕೂರಿಸೋ ಮೊದಲೇ 1.5 ವೋಲ್ಟ್ ಸೆಲ್ ಮುಟ್ಟಿಸಿ ನೋಡಿ. ಪ್ಲಸ್‌ಗೆ ಪ್ಲಸ್ ತಾಗಿದಾಗ ಕೋನ್ ಮುಂದೆ ಬರಬೇಕು.

ಸರಿ ಮಾಡಿ, ಪರೀಕ್ಷೆಗೆ ತಗ್ಗಿನಿಂದ ತಾರಕದವರೆಗೆ ಏರೋ ಸದ್ದು ಹಾಕಿದೆ. 500, 1000, 2000 ಹರ್ಟ್ಸ್. ಅಪ್ಪ ತಲೆ ಆಡಿಸ್ತಾ ಇದ್ರು. 4000 ಹತ್ತಿರ ಬಂದಾಗ ಕೇಳಿದ್ರು: "ಯಾಕೆ ನಿಲ್ಲಿಸಿಬಿಟ್ಟೆ?"

ನಾನು ನಿಲ್ಲಿಸಿರಲಿಲ್ಲ. ನನಗದು ಕಿವಿ ಚುಚ್ಚೋ ಹಾಗೆ ಕೇಳಿಸ್ತಿತ್ತು.

ಕಿವಿ ಡಾಕ್ಟರ್ ಹತ್ತಿರ ಕರ್ಕೊಂಡು ಹೋದೆ. ವರ್ಷಗಟ್ಟಲೆ ಗರಗಸದ ಮಷೀನ್ ಪಕ್ಕ ನಿಂತ ಕಿವಿ. ಜೋರು ಸದ್ದಿನ ಹೊಡೆತ ಸಾಮಾನ್ಯವಾಗಿ ಮೊದಲು ಬೀಳೋದು 4000 ಹರ್ಟ್ಸ್ ಆಸುಪಾಸಿಗೇ. 'ಸ', 'ಶ'ದಂಥ ಅಕ್ಷರಗಳ ಜೀವ ಇರೋದು ಈ ಮೇಲಿನ ಸದ್ದಿನಲ್ಲಿ. ಊಟಕ್ಕೆ ಕೂತಾಗ ನಾನು "ಸಾಕು" ಅಂದ್ರೆ ಅಪ್ಪ ಇನ್ನೊಂದು ಸೌಟು ಹಾಕ್ತಿದ್ರು. ಅವರಿಗೆ "ಹಾಕು" ಅಂತ ಕೇಳಿಸ್ತಿತ್ತು! ನಾವು ವರ್ಷಗಟ್ಟಲೆ ಅದಕ್ಕೆ ನಕ್ಕಿದ್ದೀವಿ.

ಒಳಕಿವಿಯ ಕೂದಲ ಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಟ್ವೀಟರ್ ಸುಟ್ಟರೆ ಎಸ್.ಪಿ. ರೋಡ್‌ನಲ್ಲಿ ಇನ್ನೊಂದು ಸಿಗುತ್ತೆ, ಇದು ಸಿಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್ ಮಿತಿ. ಮೂರು ಡೆಸಿಬಲ್ ಏರಿಸಿದರೆ ಸಮಯ ಅರ್ಧಕ್ಕೆ ಇಳಿಯುತ್ತೆ. ನಿಮ್ಮ ಫೋನ್ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಮಿತಿ ಇದ್ದರೆ ಇವತ್ತೇ ಹಾಕಿಕೊಳ್ಳಿ.

ಅಪ್ಪ ಈಗ ಇಯರ್‌ಮಫ್ ಹಾಕ್ಕೊಂಡೇ ಮಷೀನ್ ಆನ್ ಮಾಡ್ತಾರೆ. ಮುಂದಿನ ವಾರ ಹಿಯರಿಂಗ್ ಏಡ್ ಟ್ರಯಲ್ ಇದೆ. ಅದು ಮುಗಿದ ದಿನವೇ, ನಮ್ಮ ಸ್ಪೀಕರ್‌ನಲ್ಲಿ ಅದೇ ಮೊದಲ ಹಾಡನ್ನು ಮತ್ತೆ ಹಾಕ್ತೀನಿ.

ಕಟ್ಟಿ ನೋಡಿ, ಕಷ್ಟ ಇಲ್ಲ.