ಸಂದರ್ಶನಕ್ಕೆ ಹೊರಟ ಕನ್ನಡಿಗರಿಗೆ ಎರಡು ಮಾತು



ಸಂದರ್ಶನದ ಕರೆ ಬಂದ ದಿನವೇ ನಮ್ಮ ಹುಡುಗರ ಮುಖ ಬಾಡುತ್ತದೆ. ಯಾಕೆ? ಕೆಲಸ ಗೊತ್ತಿಲ್ಲವೆಂದಲ್ಲ. ‘ಇಂಗ್ಲಿಷಿನಲ್ಲಿ ಕೇಳಿದರೆ ಏನು ಗತಿ?’ ಎಂಬ ಭಯ!

ನನಗೂ ಆ ಭಯವಿತ್ತು. ಲೇತ್ ಮೇಲೆ ಎರಡು ವರ್ಷ ದುಡಿದು ಪೀಣ್ಯದ ಒಂದು ಕಾರ್ಖಾನೆಗೆ ಸಂದರ್ಶನಕ್ಕೆ ಹೋಗಿದ್ದೆ. ನಿನ್ನ ಬಗ್ಗೆ ಹೇಳು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಾಯಿಪಾಠ ಮಾಡಿದ್ದ ನಾಲ್ಕು ವಾಕ್ಯಗಳಲ್ಲಿ ಎರಡನೆಯದೇ ಮರೆತುಹೋಯಿತು. ನಾಲಿಗೆ ಒಣಗಿತು. ಕೆಲಸ ತಪ್ಪಿತು. ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು, ‘ಸಾರ್, ಕನ್ನಡದಲ್ಲಿ ಹೇಳಬಹುದೇ?’ ಎಂದು ನಾನು ಕೇಳಲೇ ಇಲ್ಲವಲ್ಲ! ಎದುರು ಕೂತಿದ್ದ ಮೂವರಲ್ಲಿ ಇಬ್ಬರು ಹೊರಗೆ ಜವಾನನೊಡನೆ ಅಚ್ಚ ಕನ್ನಡದಲ್ಲಿ ಮಾತಾಡುತ್ತಿದ್ದವರು.

ಕೇಳಿ ಬಂಧುಗಳೇ, ಕೇಳುವುದರಲ್ಲಿ ಅವಮಾನವಿಲ್ಲ. ಐಎಎಸ್ ಆಯ್ಕೆಯ ಸಂದರ್ಶನಕ್ಕೆ 275 ಅಂಕಗಳಿವೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಅದನ್ನೂ ಕನ್ನಡದಲ್ಲೇ ಎದುರಿಸಬಹುದು. ಆದರೆ ಮುಂಚಿತವಾಗಿ ಅರ್ಜಿಯಲ್ಲಿ ತಿಳಿಸಿರಬೇಕು. ದೆಹಲಿಯಲ್ಲಿ ಸಲ್ಲುವ ಕನ್ನಡ ಪೀಣ್ಯದಲ್ಲಿ ಕೇಳುವುದಕ್ಕೂ ಸಲ್ಲದೇ?

ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಖಾಸಗಿ ಕಂಪನಿಯವರು ಇಂಗ್ಲಿಷೇ ಬೇಕೆಂದರೆ ಸಣ್ಣ ಸಣ್ಣ ವಾಕ್ಯಗಳಲ್ಲಿ ನಿಧಾನವಾಗಿ ಹೇಳಿ. ವ್ಯಾಕರಣ ತಪ್ಪಿದರೆ ತಪ್ಪಲಿ, ಕೆಲಸದ ವಿವರ ತಪ್ಪಬಾರದು. ಯಾವ ಯಂತ್ರ, ಎಷ್ಟು ತಿಂಗಳು, ಏನು ಕೆಟ್ಟಿತ್ತು, ಹೇಗೆ ಸರಿಮಾಡಿದಿರಿ, ಇವನ್ನು ಹಿಂದಿನ ರಾತ್ರಿ ಜೋರಾಗಿ ಹೇಳಿ ನೋಡಿಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಸುಳ್ಳು ಹೇಳಿದರೆ ಮುಂದಿನ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತೀರಿ! ಅರ್ಧ ಗಂಟೆ ಮೊದಲೇ ಹೋಗಿ, ಇಸ್ತ್ರಿ ಮಾಡಿದ ಅಂಗಿ ಸಾಕು, ಸಾಲ ಮಾಡಿ ಕೋಟು ಹೊಲಿಸಬೇಡಿ. ಒಳಗೆ ಹೋದೊಡನೆ ‘ನಮಸ್ಕಾರ’ ಎನ್ನಿ, ಆ ಮಾತಿಗೆ ಯಾರ ಅಪ್ಪಣೆಯೂ ಬೇಡ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ತೆಗೆದುಹಾಕಿದ್ದಾರೆ. ಅಂಥ ಹುದ್ದೆಗೆ ‘ಇಂಟರ್‌ವ್ಯೂನಲ್ಲಿ ಪಾಸು ಮಾಡಿಸುತ್ತೇನೆ, ಇಷ್ಟು ಕೊಡು’ ಎಂದು ದಲ್ಲಾಳಿ ಬಂದರೆ ಅವನು ಮೋಸಗಾರ. ಹೊಲ ಅಡವಿಟ್ಟು ಅವನ ಕೈಗೆ ಹಣ ಸುರಿಯಬೇಡಿ!

ನನ್ನ ಎರಡನೆಯ ಸಂದರ್ಶನದಲ್ಲಿ ಕನ್ನಡಕ್ಕೆ ಅನುಮತಿ ಕೇಳಿದೆ. ‘ನೋ’ ಎಂದರು. ಆಗಲಿ ಎಂದು ಹರಕು ಮುರುಕು ಇಂಗ್ಲಿಷಿನಲ್ಲಿ ಲೇತಿನ ಕೆಲಸ ವಿವರಿಸತೊಡಗಿದೆ. ಮೂಲೆಯಲ್ಲಿದ್ದ ಹಿರಿಯರೊಬ್ಬರು ಮೇಜಿನ ಮೇಲಿನ ಡ್ರಾಯಿಂಗ್ ಹಾಳೆಯನ್ನು ನನ್ನತ್ತ ತಳ್ಳಿ, ‘ಇದನ್ನು ಹೇಗೆ ಮಾಡ್ತೀಯಪ್ಪಾ, ಹೇಳು’ ಎಂದರು. ಕನ್ನಡದಲ್ಲೇ!